ಜೇನಿಗೆ ಬೆರೆಸಿದ ಔಷಧ

ಪ್ರೀತಿಯ ಸೋದರತ್ತೆಗೆ,

ಬೆಳೆಯ ಕೀಟಗಳನ್ನು ಕೊಲ್ಲಲೆಂದು ಇಲ್ಲಿನ ಪ್ರಯೋಗಾಲಯದಲ್ಲಿ ನಾವು ಸಾಕುವ ಪುಟ್ಟ ಕಣಜದ ಹುಳುಗಳಲ್ಲಿ ಗಂಡೇ ಇಲ್ಲ, ಹುಟ್ಟುವುದೆಲ್ಲ ಹೆಣ್ಣು. ಅವುಗಳ ಮೈಯೊಳಗೆ ಬ್ಯಾಕ್ಟೀರಿಯಾ ಇದೆಯೆಂದು ಕೇಳಿ, ರೋಗವೆಂದುಕೊಂಡು ಒಂದು ಸೀಸೆಯ ಹುಳುಗಳಿಗೆ ತಿನ್ನಿಸುವ ಜೇನಿಗೆ ಔಷಧ ಬೆರೆಸಿದೆ. ಬ್ಯಾಕ್ಟೀರಿಯಾ ಸತ್ತಿತು. ಆಮೇಲೆ ಹುಟ್ಟಿದ್ದೆಲ್ಲ ಗಂಡು. ಆ ಸೀಸೆಯ ವಂಶ ಅಲ್ಲಿಗೇ ನಿಂತಿತು.

ಮೇಲ್ವಿಚಾರಕಿ ಬೈಯುವ ಬದಲು ನಕ್ಕರು: "ಎಲ್ಲಿಂದಲೋ ಬಂದು ಸೇರ್ಕೊಂಡಿದೆ ಅಂತ ಓಡಿಸ್ಬಿಟ್ಯಾ? ಹೆಣ್ಣುಮಕ್ಕಳು ಹುಟ್ತಾ ಇದ್ದಿದ್ದೇ ಅದರಿಂದ ಕಣೇ!"

ನನ್ನ ಕೆಮ್ಮು ವಾಸಿಯಾಗಿದೆ.

"ನಿಮ್ಮಪ್ಪನ ಮನೇಲಿ ಬಂದು ಸೇರ್ಕೊಂಡು ಭಾರವಾದೆ, ಬೇರೆ ಕೋಣೆ ನೋಡ್ತೀನಿ" ಎಂದು ಬರೆದಿದ್ದೀಯಲ್ಲ? ಅಮ್ಮ ಹೋದ ಮೇಲೆ ನಮ್ಮ ಮೂವರಿಗೂ ಜಡೆ ಹಾಕಿದವರು ಯಾರು? ಕಟ್ಟಿಟ್ಟ ಪೆಟ್ಟಿಗೆ ಬಿಚ್ಚು, ಸೀರೆಗಳನ್ನು ಮತ್ತೆ ಬೀರುವಿನಲ್ಲಿಡು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ನಡುವಿನ ಮಗಳು