ಬೇವಿಗೆ ಕಟ್ಟಿದ ಸಪೋಟ

ಅಕ್ಕಾ,

ಹಿರಿಯೂರಿಗೆ ಬಂದು ವಾರವಾಯ್ತು. ಫೋನಿನಲ್ಲಿ ಹೇಳಿದರೆ ನೀನು ನಗೋದನ್ನ ಕೇಳಬೇಕಾಗ್ತದೆ, ಅದಕ್ಕೇ ಈ ಕಾರ್ಡು.

ಮದುವೆ ಗಂಡುಗಳೆಲ್ಲ ಮೊಬೈಲಿನಲ್ಲೇ ಹೆಣ್ಣು ಹುಡುಕೋ ಕಾಲ. ನನ್ನ ದಲ್ಲಾಳಿ ಕೆಲಸ ನಂಬಿ ಕೂರೋ ಹಂಗಿಲ್ಲ ಅಂತ ಈ ನರ್ಸರಿಗೆ ಬಂದೆನಲ್ಲ, ನಮ್ಮೂರು ತಾಳ್ಯದ ಸುತ್ತ ಅಷ್ಟು ಜೋಡಿ ಕೂಡಿಸಿದವನಿಗೆ ಗಿಡ ಕೂಡಿಸೋದು ಯಾವ ಲೆಕ್ಕ ಅಂದ್ಕೊಂಡಿದ್ದೆ. ಕಸಿ ಕಲಿಸೋ ಮಹಮೂದಾ ಮೇಡಂ ಸಪೋಟದ ಕಡ್ಡಿ ಕೊಟ್ಟು, ಹೊಂದೋ ಸಸಿಗೆ ಕಟ್ಟಿ ಅಂದರು. ನಾನು ಹುಡುಕಿ ಹುಡುಕಿ ಬೇವಿಗೆ ಕಟ್ಟಿದೆ.

“ಏನ್ರೀ ಓಬಣ್ಣ ಇದು?”

“ಬೇರೆ ಬೆಡಗು, ಬೇರೆ ಗೋತ್ರ ನೋಡೇ ಕಟ್ಟೀನಿ ಮೇಡಂ. ಒಂದೇ ಬೆಡಗಿನವರು ಅಣ್ಣ ತಂಗಿ ಆಗ್ತಾರಲ್ಲ.”

ಮೇಡಂ ನಗು ತಡೀಲಾರದೆ ಮಣ್ಣಿನ ಗುಡ್ಡೆ ಮೇಲೆ ಕುಂತುಬಿಟ್ಟರು. ಆಮೇಲೆ ಸಪೋಟ, ಇಪ್ಪೆ, ಬಕುಳ ಮೂರರ ಎಳೆ ಚಿಗುರು ಮುರಿದು ತೋರಿಸಿದರು. ಮೂರರಲ್ಲೂ ಬಿಳೀ ಹಾಲು.

“ಇವೆಲ್ಲ ಒಂದೇ ಕುಟುಂಬ ಕಣ್ರೀ. ಗಿಡಗಳಿಗೆ ಒಳಗೊಳಗೇ ಸಂಬಂಧ ಕೂಡಬೇಕು. ಹೊರಗೆ ಕಟ್ಟಿದ್ರೆ ಒಣಗ್ತದೆ.”

ಈಗ ಇಪ್ಪೆ ಸಸಿಗೆ ಕಟ್ಟೀನಿ. ಚಿಗುರಿದರೆ ಇಲ್ಲಿ ಕೆಲಸ ಖಾಯಂ, ಒಣಗಿದರೆ ಊರಿನ ಬಸ್ಸು. ಕುಕ್ಕರಗಾಲಲ್ಲಿ ಕೂತು ಮಂಡಿ ಹಿಡ್ಕಂಡೈತೆ, ಬರೋರ ಕೈಲಿ ನೋವಿನ ಎಣ್ಣೆ ಕಳಿಸು.

ಕಾರ್ಡು ತುಂಬ್ತಾ ಬಂತು. ಗಿರಾಕಿಗಳು ಕೇಳಿದರೆ ಹಿರಿಯೂರಲ್ಲಿ ಒಂದು ಸಂಬಂಧ ಕುದುರಿಸ್ತಾ ಅವನೆ ಅನ್ನು. ಆ ಸಂಬಂಧದೋರು ಒಂದೇ ಬೆಡಗಿನ ಒಳಗೊಳಗೇ ಕೊಟ್ಟು ತರೋ ಮನೆತನ ಅಂತ ಮಾತ್ರ ಬಾಯಿ ಬಿಡಬೇಡ, ಇರೋ ನಾಲ್ಕು ಗಿರಾಕಿಗಳೂ ಎದ್ದು ಹೋದಾರು.

ನಿನ್ನ ತಮ್ಮ,
ಓಬಣ್ಣ