‘ರೀ’ ಬಿಟ್ಟ ಸೊಸೆ

ಗದಗ, ೨೧೬೮ನೆಯ ಇಸವಿ, ಫೆಬ್ರವರಿ ಮೂವತ್ತು
ಮೂಕವಾರದ ನಾಲ್ಕನೆಯ ರಾತ್ರಿ

ನನಗಿಂತ ನೂರ ನಲವತ್ತು ವರ್ಷ ಹಿಂದೆ ಇರುವ, ಟೈಪ್ ಒನ್ ಸಕ್ಕರೆ ಕಾಯಿಲೆಯವರ ಪಕ್ಕದಲ್ಲಿ ಮಲಗುವ ಎಲ್ಲರಿಗೂ ಶಿವಲೀಲಾ ಹೊಂಬಳ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿದವಳು ನಾನು, ಬಿಡಿಸಿ ಹೇಳುವುದು ನನ್ನ ಚಟ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ, ಅದು ಅಂಚೆಯವರಿಗೂ ಸರಿಯಾಗಿ ಗೊತ್ತಿಲ್ಲ. ನಿದ್ದೆ ಬರಬಾರದೆಂದು ಬರೆಯುತ್ತಿದ್ದೇನೆ. ಪಕ್ಕದ ಮಂಚದಲ್ಲಿ ನನ್ನ ಸೊಸೆ ಕಸ್ತೂರಿ ಮಲಗಿದ್ದಾಳೆ. ಮೂರು ಗಂಟೆಗೆ ಅವಳನ್ನು ಎಬ್ಬಿಸಬೇಕು. ನಾನು ತೂಕಡಿಸಿದರೆ ಅವಳು ಮತ್ತೆ ಏಳದೆಯೇ ಹೋಗಬಹುದು.

ಅವಳ ಕಾಯಿಲೆ ನಿಮಗೆ ಗೊತ್ತಿರುವುದೇ. ಮೈ ತಾನಾಗಿ ಇನ್ಸುಲಿನ್ ಮಾಡುವುದಿಲ್ಲ, ಹೊರಗಿನಿಂದ ಕೊಡಬೇಕು, ಕೊಟ್ಟದ್ದು ತುಸು ಹೆಚ್ಚಾದರೂ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಇದನ್ನೆಲ್ಲ ತೋಳುಗಾವಲು ನೋಡಿಕೊಳ್ಳುತ್ತದೆ. ಅದು ಅಕ್ಕಿಕಾಳಿನಷ್ಟು ಯಂತ್ರ. ಕಾಯಿಲೆ ಗೊತ್ತಾದ ದಿನವೇ ತೋಳಿನ ಚರ್ಮದಡಿ ಇಡುತ್ತಾರೆ. ಸಕ್ಕರೆ ಅಳೆಯುವುದು, ಇನ್ಸುಲಿನ್ ಬಿಡುವುದು, ಸಕ್ಕರೆ ಇಳಿದರೆ ಏರಿಸುವುದು, ಎಲ್ಲ ಅದರದೇ ಕೆಲಸ. ಮನೆಯವರಿಗೆ ಏನೂ ಉಳಿದಿಲ್ಲ. ಕಸ್ತೂರಿ ಈ ಮನೆಗೆ ಬಂದು ಆರು ವರ್ಷವಾಯಿತು, ಅವಳಿಗೊಂದು ಕಾಯಿಲೆ ಇದೆ ಎಂದು ನನಗೆ ನೆನಪಾದದ್ದು ಎರಡೋ ಮೂರೋ ಸಲ.

ಆದರೆ ಸೂರ್ಯನಲ್ಲಿ ಬಿರುಗಾಳಿ ಏಳುವುದುಂಟು. ಆಗ ಯಂತ್ರಗಳೆಲ್ಲ ಎಂಟು ದಿನ ಬಾಯಿ ಮುಚ್ಚುತ್ತವೆ. ಅದೇ ಮೂಕವಾರ. ಹತ್ತೊಂಬತ್ತು ವರ್ಷದ ಮೇಲೆ ಈಗ ಬಂದಿದೆ. ಓಣಿಯಲ್ಲಿ ಹಳೆಯ ಕಾಲದ ಇನ್ಸುಲಿನ್ ಸೂಜಿ ಹಂಚಿದರು. ಬೆರಳು ಚುಚ್ಚಿ ಸಕ್ಕರೆ ನೋಡುವ ನಿಮ್ಮ ಪಟ್ಟಿಗಳನ್ನು ಮಾತ್ರ ಈಗ ಯಾರೂ ತಯಾರಿಸುವುದಿಲ್ಲ. ಮಗ ಈರಣ್ಣ ಕಪ್ಪತಗುಡ್ಡದ ಗಾಳಿಗಿರಣಿಗಳ ಕೆಲಸಕ್ಕೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದಾನೆ, ಗಾಡಿಗಳು ಓಡುತ್ತಿಲ್ಲ. ಮನೆಯಲ್ಲಿ ನಾವಿಬ್ಬರೇ.

ಮೊದಲನೆಯ ದಿನ ಕಸ್ತೂರಿ ಕೆಳಗಿನ ಬಾವಿಯಿಂದ ನಮ್ಮ ನಾಲ್ಕನೆಯ ಅಂತಸ್ತಿಗೆ ಹನ್ನೆರಡು ಕೊಡ ನೀರು ಹೊತ್ತಳು. ಸಂಜೆ, ತೋಳುಗಾವಲು ದಿನಾ ಬಿಡುತ್ತಿದ್ದಷ್ಟೇ ಇನ್ಸುಲಿನ್ ಚುಚ್ಚಿಕೊಂಡಳು. ದಣಿವಿಗೆ ಊಟ ಸೇರದೆ ಅರ್ಧ ರೊಟ್ಟಿ ತಿಂದು ಎದ್ದಳು. ಹಗಲು ದುಡಿದ ಮೈ ರಾತ್ರಿಯಿಡೀ ಸಕ್ಕರೆ ಹೀರುತ್ತಲೇ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಹನ್ನೊಂದರ ಹೊತ್ತಿಗೆ ಹೋಗಿ, ಇನ್ನರ್ಧ ರೊಟ್ಟಿ ತಿನ್ನು ಎಂದೆ. ದುರುಗುಟ್ಟಿ ನೋಡಿ, “ನನ್ನ ಗೊಡವಿಗೆ ಬರಬ್ಯಾಡ. ನೀ ಹೋಗಿ ಬಿದ್ಕೋ” ಎಂದಳು.

ಆರು ವರ್ಷದಲ್ಲಿ ಈ ಹುಡುಗಿ ‘ರೀ’ ಹಚ್ಚದೆ ನನ್ನೊಡನೆ ಮಾತಾಡಿದವಳಲ್ಲ. ಬರ್ರಿ ಅತ್ತಿ, ಉಣ್ರಿ ಅತ್ತಿ. ಜಗಳದಲ್ಲೂ “ನಿಮಗ ತಿಳಿಯೂದಿಲ್ಲ ಬಿಡ್ರಿ” ಎಂದೇ. ನಾನೋ ಊರ ಮಕ್ಕಳಿಗೆಲ್ಲ ಬಹುವಚನ ಕಲಿಸಿ ಮುದುಕಿಯಾದವಳು. ಮನೆಯೊಳಗೇ ಏಕವಚನ ಕೇಳಿ ಮೈಯೆಲ್ಲ ಉರಿದುಹೋಯಿತು. ಗಂಡ ಊರಲ್ಲಿಲ್ಲ ಎಂದು ಬಾಲ ಬಿಚ್ಚಿದಳು ಎಂದುಕೊಂಡೆ. ದಡ್ಡನೆ ಬಾಗಿಲು ಹಾಕಿಕೊಂಡು, ಅವಳ ತವರಿಗೆ ಬರೆಯಬೇಕಾದ ದೂರನ್ನು ಮನಸ್ಸಿನಲ್ಲೇ ಜೋಡಿಸುತ್ತ ಮಲಗಿದೆ. ಮೆದುಳಿಗೆ ಸಕ್ಕರೆ ಸಾಲದಾದರೆ ಮನುಷ್ಯರು ಹೀಗೂ ಮಾತಾಡುತ್ತಾರೆ ಎಂಬುದು ನನ್ನ ವ್ಯಾಕರಣದಲ್ಲಿ ಇರಲಿಲ್ಲ.

ಎರಡು ಗಂಟೆಗೆ ಗೋಡೆಯಾಚೆ ಮಂಚ ಬಡಿಯುವ ಸದ್ದು ಕೇಳಿತು. ಸಿಟ್ಟಿಗೆ ಬಡಿಯುತ್ತಿದ್ದಾಳೆ ಎಂದು ಸ್ವಲ್ಪ ಹೊತ್ತು ಏಳಲಿಲ್ಲ. ಆ ಸ್ವಲ್ಪ ಹೊತ್ತಿಗಾಗಿ ನನ್ನನ್ನು ನಾನು ಎಂದೂ ಕ್ಷಮಿಸುವುದಿಲ್ಲ. ಹೋಗಿ ನೋಡಿದರೆ ಹಾಸಿಗೆ ಬೆವರಿನಲ್ಲಿ ತೊಯ್ದಿತ್ತು, ಹಲ್ಲು ಕಚ್ಚಿಕೊಂಡಿದ್ದಳು, ಕೈಕಾಲು ಸೆಟೆದು ಜಗ್ಗುತ್ತಿದ್ದವು. ಕರೆದರೆ ಓಗೊಡಲಿಲ್ಲ. ಕೂಗಿಕೊಂಡೆ. ಬೆಲ್ಲದ ನೀರು ಕದಡಿ ತಂದು ಅವಳ ತುಟಿ ಬಿಡಿಸುತ್ತಿದ್ದಾಗ ಎದುರುಮನೆಯ ಜೈನಾಬಿ ಓಡಿಬಂದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನನ್ನ ಕೈಯಿಂದ ಲೋಟ ಕಿತ್ತುಕೊಂಡು, “ಎಚ್ಚರಿಲ್ಲದವರ ಬಾಯಾಗ ಏನೂ ಹಾಕಬಾರ್ದ್ರಿ ಅಕ್ಕಾರ, ಉಸಿರುಗಟ್ಟಿ ಜೀವಾನ ಹೋಗ್ತೈತಿ” ಎಂದರು. ಅವಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ತಮ್ಮಲ್ಲಿದ್ದ, ಸಕ್ಕರೆ ಏರಿಸುವ ಪುಡಿಯನ್ನು ಮೂಗಿನೊಳಗೆ ಬಿಟ್ಟರು. ನಾನು ಅವಳ ಪಾದ ಹಿಡಿದುಕೊಂಡು ಕೂತೆ. ಹದಿನೈದು ನಿಮಿಷವಷ್ಟೇ ಎನ್ನುತ್ತಾರೆ ಜೈನಾಬಿ, ನಾನು ನಂಬುವುದಿಲ್ಲ. ಕೊನೆಗೆ ಕಣ್ಣು ಬಿಟ್ಟು, “ಅತ್ತಿ, ಯಾಕ ಅಳಾಕತ್ತೀರಿ?” ಎಂದಳು. ಆ ‘ರಿ’ ಕೇಳಿ ಇನ್ನೂ ಜೋರಾಗಿ ಅತ್ತೆ. ಆಮೇಲೆ ಬೆಲ್ಲದ ನೀರನ್ನು ತಾನೇ ಕುಡಿದಳು, ಹಾಲು-ರೊಟ್ಟಿ ತಿಂದಳು.

ಜೈನಾಬಿಯವರಲ್ಲಿ ಇದ್ದದ್ದು ಅದೊಂದೇ ಪುಡಿ. ಮೂಕವಾರ ಮುಗಿಯುವ ತನಕ ಇನ್ನೊಂದು ಸಿಗುವುದಿಲ್ಲ. ಇನ್ಸುಲಿನ್ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಅದು ಇನ್ನೊಂದು ಬಗೆಯ ಸಾವು. ಪ್ರಮಾಣ ಇಳಿಸಿದ್ದೇವೆ, ಮಲಗುವ ಮುಂಚೆ ಹೊಟ್ಟೆಗೆ ಹಾಕುತ್ತೇವೆ, ಆದರೂ ಎಲ್ಲ ಅಂದಾಜಿನ ಮೇಲೆ. ಅದಕ್ಕೇ ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಎಬ್ಬಿಸಿ ಮಾತಾಡಿಸುತ್ತೇನೆ, ‘ರೀ’ ಬರುತ್ತದೆಯೋ ಇಲ್ಲವೋ ಕೇಳುತ್ತೇನೆ. ಮರುದಿನ, ತಾನು ಆಡಿದ ಮಾತು ತಿಳಿದು ಕಸ್ತೂರಿ ನಾಚಿಕೆಯಿಂದ ಮುಖ ಎತ್ತಲಿಲ್ಲ. ನಿನ್ನ ಅವ್ವನನ್ನು ಕರೆದಂತೆ ನನ್ನನ್ನೂ ‘ನೀ’ ಎಂದೇ ಕರಿ ಎನ್ನುವವಳಿದ್ದೆ. ಜೈನಾಬಿ ತಡೆದರು. “ಹಂಗ ಮಾತ್ರ ಹೇಳಬ್ಯಾಡ್ರಿ. ನಿಮಗ ಉಳಿದಿರೂ ಎಚ್ಚರಿಕಿ ಗಂಟಿ ಅದೊಂದ.” ಹೀಗಾಗಿ ನನಗೆ ಅವಳ ಮೇಲೆ ಎಷ್ಟೇ ಅಕ್ಕರೆಯಿದ್ದರೂ ಅವಳು ನನಗೆ ಹಚ್ಚುವ ಬಹುವಚನ ಬಿಡುವಂತಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ತೋಳುಗಾವಲಿನ ಪುಸ್ತಕದಲ್ಲಿ ಯಂತ್ರದ ಬಗ್ಗೆ ನಾನೂರು ಪುಟವಿದೆ, ಮನುಷ್ಯರ ಬಗ್ಗೆ ಒಂದು ಸಾಲಿಲ್ಲ. ನಿಮಗೆ ಇದೆಲ್ಲ ಗೊತ್ತಿತ್ತು. ನಿಮ್ಮ ಮಗಳು ಸಕ್ಕರೆ ಇಳಿದಾಗ ಸುಮ್ಮನೆ ನಗುತ್ತಾಳೋ, ನಿಮ್ಮ ಗಂಡ ಅಂಗಿಯ ಗುಂಡಿಯನ್ನೇ ಹತ್ತು ಸಲ ಹಾಕಿ ತೆಗೆಯುತ್ತಾನೋ, ಅದು ನಿಮಗಲ್ಲದೆ ಯಾರಿಗೂ ತಿಳಿಯದು. ಮನಸ್ಸಿನಲ್ಲೇ ಇಟ್ಟುಕೊಂಡು ಹೋಗಬೇಡಿ, ಬರೆದಿಡಿ. ಯಂತ್ರ ಬಂತೆಂದು ಅಳಿಸಬೇಡಿ. ಮತ್ತೆ, ಮನೆಯವರು ಹೊತ್ತಲ್ಲದ ಹೊತ್ತಿನಲ್ಲಿ ತಮ್ಮಂತಲ್ಲದೆ ಮಾತಾಡಿದರೆ ನಿಮ್ಮ ಮರ್ಯಾದೆಯನ್ನು ಪಕ್ಕಕ್ಕಿಟ್ಟು ಮೊದಲು ಅವರ ಹಣೆ ಮುಟ್ಟಿ ನೋಡಿ.

ಮೂರಾಯಿತು. ಎಬ್ಬಿಸಿ ಬರುತ್ತೇನೆ.

ಎಬ್ಬಿಸಿದೆ. ಹೆಗಲು ತಣ್ಣಗೆ ಬೆವೆತಿತ್ತು. ಹೇಗಿದ್ದೀ ಎಂದರೆ, “ಏ ಮುದುಕಿ, ಮಕ್ಕೊಳ್ಳಾಕ ಬಿಡ” ಎಂದಳು. ಬೈಯುವಷ್ಟು ಎಚ್ಚರವಿದೆ, ನುಂಗಬಲ್ಲಳು. ಕೂರಿಸಿ, ಗದರಿಸಿ, ಬೆಲ್ಲದ ನೀರು ಪೂರ್ತಿ ಕುಡಿಸಿದೆ. ಜೈನಾಬಿಯವರನ್ನು ಕರೆದಿದ್ದೇನೆ, ಬಂದು ಅವಳ ಕೈ ಹಿಡಿದು ಕೂತಿದ್ದಾರೆ. ಹದಿನೈದು ನಿಮಿಷ ಕಾದು ಮತ್ತೆ ಮಾತಾಡಿಸಬೇಕು. ಏಳು ನಿಮಿಷವಾಗಿದೆ, ಇನ್ನೂ ಎಂಟಿದೆ. ಒಂದು ಕಣ್ಣು ಅವಳ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಮನ್ನಿಸಿ. ಭಯವಾಗುತ್ತಿದೆ. ಮುದುಕಿ ಅಂದದ್ದಕ್ಕೆ ಸಿಟ್ಟೂ ಬಂದಿದೆ. ಅದಕ್ಕೆ ನನ್ನಿಂದ ಬೈಸಿಕೊಳ್ಳಲಿಕ್ಕಾದರೂ ಅವಳು ಬೆಳಿಗ್ಗೆ ಏಳಬೇಕು.