‘ಮ’ ಇವತ್ತು ರಜಾ

ಫೆಬ್ರವರಿ 2, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕ ಇದ್ದಾಳೋ ಇಲ್ಲವೋ ಎಂದು ನೀನು ಹೇಳಿಕಳಿಸಿದ ಮೇಲೂ ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು ಈಗ ಕೂತಿದ್ದೇನೆ. ಇದ್ದೇನಪ್ಪ. ಮಂಡಿನೋವು ಹಾಗೇ ಇದೆ, ಅದಕ್ಕೂ ನನಗೂ ರಾಜಿಯಾಗಿದೆ. ಎರಡು ತಿಂಗಳು ಕಾಗದ ಹಾಕದಿದ್ದದ್ದು ತಪ್ಪೇ, ಬೈಯುವುದಿದ್ದರೆ ಬೈದುಕೋ.

ಈ ಕಾಗದ ಓದುತ್ತಿರುವ ನಿನ್ನ ಮಗಳು ವಕೀಲಮ್ಮನಿಗೆ ಮೊದಲು ಒಂದು ಮಾತು. ಹೋದ ಸಲ ನಿನ್ನ ಹಠದ ಬಗ್ಗೆ ನಾನು ಬರೆದ ಆರು ಸಾಲನ್ನು ನುಂಗಿ ನೀರು ಕುಡಿದೆಯಂತೆ, ನಿನ್ನಮ್ಮ ಹೇಳಿದಳು. ನಿನ್ನಪ್ಪ ಮೂರನೇ ತರಗತಿಯಲ್ಲೇ ಶಾಲೆ ಬಿಟ್ಟವನು, ಒಂದು ಸಾಲು ಓದುವಷ್ಟರಲ್ಲಿ ಅವನಿಗೆ ಬೆವರು ಬರುತ್ತದೆ, ಅದಕ್ಕೇ ನಿನಗೆ ಈ ಕೆಲಸ. ಅತ್ತೆ ಬರೆದದ್ದನ್ನು ಬರೆದ ಹಾಗೇ ಓದಬೇಕು. ವಾದ ಆಮೇಲೆ.

ತಮ್ಮಾ, ಈ ವರ್ಷ ನನಗೆ ಒಂದನೇ ತರಗತಿ ಕೊಟ್ಟಿದ್ದಾರೆ. ಇಪ್ಪತ್ತಾರು ಮಕ್ಕಳು. ಕಾಗುಣಿತವನ್ನು ಬೋರ್ಡಿನ ಮೇಲೆ ಬರೆದು, ಕಡ್ಡಿ ಹಿಡಿದು, ರಾಗವಾಗಿ ಹೇಳಿಸಿದರೆ ಇಪ್ಪತ್ತಾರೂ ಗಂಟಲು ಹರಿಯುವ ಹಾಗೆ ಹೇಳುತ್ತವೆ. ನಡುವಿನ ಒಂದು ಅಕ್ಷರ ತೋರಿಸಿ ಇದೇನು ಎಂದರೆ ಇಪ್ಪತ್ತಾರೂ ಚಾವಣಿ ನೋಡುತ್ತವೆ. ಅದಕ್ಕೆ ಕಡ್ಡಿ ಮೂಲೆಗಿಟ್ಟು ಆಟ ಶುರುಮಾಡಿದೆ.

ಆಟ ಹೀಗೆ. ರಟ್ಟಿನ ಮೇಲೆ ದೊಡ್ಡದಾಗಿ ಅಕ್ಷರ ಬರೆದು, ದಾರ ಕಟ್ಟಿ, ಒಬ್ಬೊಬ್ಬರ ಕೊರಳಿಗೆ ಹಾಕುವುದು. ಸ್ವರದವರು ಪಡಸಾಲೆಯ ಈ ಗೋಡೆಗೆ, ವ್ಯಂಜನದವರು ಆ ಗೋಡೆಗೆ. ಒಂದು ಮಗು ನಡುವೆ. ನಾನು “ಮೀ” ಎಂದು ಕೂಗಿದರೆ ನಡುವಿನ ಮಗು ಓಡಿಹೋಗಿ ‘ಮ’ನನ್ನು ಎಳೆದು ತಂದು, ‘ಈ’ಯನ್ನು ಎಳೆದು ತಂದು, ಇಬ್ಬರ ಕೈ ಸೇರಿಸಬೇಕು. ಕೈ ಸೇರಿದ ಕೂಡಲೇ ಮೂವರೂ “ಮೀ” ಎಂದು ಕಿರುಚಬೇಕು. ಪಕ್ಕದ ಕ್ಲಾಸಿನ ಮೇಷ್ಟ್ರು ದಿನಕ್ಕೆರಡು ಸಲ ಬಂದು ಜಗಳ ಆಡುತ್ತಾರೆ. ಅವರಿಗೆ ಹೊಟ್ಟೆಕಿಚ್ಚು.

ಈ ಆಟದಲ್ಲಿ ರಾಣಿ ಯಾರು ಗೊತ್ತೇ? ಜುಟ್ಟಮ್ಮ. ನೆತ್ತಿಯ ಮೇಲೆ ಕಾರಂಜಿಯ ಹಾಗೆ ಕೂದಲು ಕಟ್ಟಿಕೊಂಡು ಬರುವ ಏಳು ವರ್ಷದ ಹುಡುಗಿ. ಹೋದ ವರ್ಷ ಅಕ್ಷರ ಬರಲಿಲ್ಲ ಎಂದು ಅದೇ ಕ್ಲಾಸಿನಲ್ಲಿ ಉಳಿಸಿದ್ದರು. ಶಾಲೆಯ ಎದುರು ಬಟ್ಟೆ ಇಸ್ತ್ರಿ ಮಾಡುವ ಅಜ್ಜಿಯ ಮೊಮ್ಮಗಳು. ತಾಯಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಮನೆಯಲ್ಲಿ ಇನ್ನೊಂದು ಕೈಕೂಸಿದೆ. ಅಜ್ಜಿ ನನಗೆ ನೇರವಾಗಿ ಹೇಳಿದ್ದಾರೆ, “ಈ ಸಲಾನೂ ಬರ್ಲಿಲ್ಲ ಅಂದ್ರೆ ಸಾಕು ಮಿಸ್ಸಮ್ಮ. ಮನೇಲಿದ್ದು ಕೂಸು ನೋಡ್ಕೊಳ್ಲಿ. ನಂಗೂ ಒಂದ್ ಕೈ ಆಗುತ್ತೆ.” ಇಂಥ ಹುಡುಗಿ ಈಗ ಬಾಣದ ಹಾಗೆ ಓಡುತ್ತಾಳೆ, ಒಂದು ಸಲವೂ ತಪ್ಪಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಹೆಡ್‌ಮೇಡಂ ಮುಂದಿನ ವಾರ ಆಟ ನೋಡಲು ಬರುತ್ತಾರೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಒಂದರ ಮೇಲೊಂದು ತಿರುಗುವ ಎರಡು ಮರದ ತಟ್ಟೆ ಮಾಡಿಕೊಡು, ಒಂದು ದೊಡ್ಡದು, ಒಂದು ಸಣ್ಣದು, ನಡುವೆ ಒಂದು ಗೂಟ. ದೊಡ್ಡದರ ಅಂಚಿಗೆ ಸ್ವರ, ಸಣ್ಣದರ ಅಂಚಿಗೆ ವ್ಯಂಜನ ನಾನೇ ಬಣ್ಣದಲ್ಲಿ ಬರೆಯುತ್ತೇನೆ. ತಿರುಗಿಸಿ ನಿಲ್ಲಿಸಿದಾಗ ಎದುರುಬದುರು ಬಂದ ಎರಡನ್ನು ಸೇರಿಸಿ ಹೇಳುವ ಆಟ. ಅಂಚನ್ನು ಚೆನ್ನಾಗಿ ಉಪ್ಪುಕಾಗದ ಹಾಕಿ ಉಜ್ಜು, ಎಳೆ ಕೈಗಳು.

ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಅಕ್ಕ


ಮಾರ್ಚ್ 23, ಭಾನುವಾರ

ಪ್ರೀತಿಯ ತಮ್ಮನಿಗೆ,

ನೀನು ಮಾಡಿ ಕಳಿಸಿದ ತಟ್ಟೆಗಳ ಚಕ್ರ ಬಂದು ತಲುಪಿ ಒಂದು ತಿಂಗಳಾಯಿತು. ತಲುಪಿತು ಎಂದು ಒಂದು ಸಾಲು ಬರೆಯಲೂ ಈ ಅಕ್ಕನಿಗೆ ಆಗಲಿಲ್ಲ. ಮನಸ್ಸು ಸರಿ ಇರಲಿಲ್ಲ, ಬರೆದರೆ ಏನೇನೋ ಬರೆದುಬಿಡುತ್ತೇನೆ ಎಂದು ಪೆನ್ನು ಮುಟ್ಟಲಿಲ್ಲ. ತಪ್ಪಾಯಿತು. ಚಕ್ರ ಮಾತ್ರ ಬೆಣ್ಣೆ ಬೆಣ್ಣೆ. ಬೆರಳು ತಾಗಿಸಿದರೆ ತಿರುಗುತ್ತದೆ, ಬೇಕೆಂದಲ್ಲಿ ನಿಲ್ಲುತ್ತದೆ. ನಮ್ಮ ಹೆಡ್‌ಮೇಡಂ ಅದನ್ನು ಮೇಲೆ ಕೆಳಗೆ ಮಾಡಿ ನೋಡಿ, “ಯಾವ್ ಅಂಗಡೀಲಿ ತಗೊಂಡ್ರಿ?” ಎಂದರು. “ನನ್ ತಮ್ಮನ ಅಂಗಡೀಲಿ” ಎಂದೆ.

ಈಗ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಹೋದ ಕಾಗದದಲ್ಲಿ ಕೊಚ್ಚಿಕೊಂಡಿದ್ದೆನಲ್ಲ, ಅದಕ್ಕೆ ತಕ್ಕ ಶಾಸ್ತಿ ಆಯಿತು.

ಹೆಡ್‌ಮೇಡಂ ಇಬ್ಬರು ಟೀಚರುಗಳನ್ನೂ ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿ ಕೂತರು. ಮಕ್ಕಳು ರಟ್ಟು ಹಾಕಿಕೊಂಡು ಗೋಡೆಗೆ ನಿಂತವು. ಅವತ್ತು ಒಬ್ಬ ಹುಡುಗ ಬಂದಿರಲಿಲ್ಲ, ಜ್ವರ. ಅವನ ರಟ್ಟನ್ನು ಇನ್ನೊಬ್ಬ ಹುಡುಗನ ಕೊರಳಿಗೆ ಹಾಕಿದೆ. ಜುಟ್ಟಮ್ಮ ನಡುವೆ ನಿಂತಳು. ಮೊದಲಿನ ನಾಲ್ಕು ಸರಿಯಾಗಿ ಓಡಿದಳು, ಎಲ್ಲರೂ ಚಪ್ಪಾಳೆ. ನಾನು “ಮು” ಎಂದೆ. ಹುಡುಗಿ ‘ಉ’ ಹಾಕಿಕೊಂಡವಳನ್ನು ಎಳೆದು ತಂದಳು. ಆಮೇಲೆ ಗೋಡೆಯ ಈ ತುದಿಯಿಂದ ಆ ತುದಿವರೆಗೆ ನೋಡಿದಳು. ‘ಮ’ ಕಣ್ಣೆದುರಿಗೇ ಇದೆ, ಅಂಗೈ ಅಗಲದ ಅಕ್ಷರ.

“‘ಮ’ ಎಲ್ಲೇ?” ಎಂದೆ.

“‘ಮ’ ಇವತ್ತು ರಜಾ ಮಿಸ್. ಅವನಿಗೆ ಜ್ವರ” ಎಂದಳು.

ಕುರ್ಚಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ಕಳೂ ನಕ್ಕವು. ನಾನೊಬ್ಬಳೇ ನಗಲಿಲ್ಲ, ಏಕೆಂದರೆ ನನಗೆ ಆಗಲೇ ತಿಳಿದುಹೋಯಿತು. ಈ ಮಕ್ಕಳಿಗೆ ತಮ್ಮ ತಮ್ಮ ರಟ್ಟಿನ ಮೇಲೆ ಭಾರಿ ಮೋಹ. ಬದಲಾಯಿಸಿದರೆ “ನನ್ ‘ಕ’ ನಂಗೇ ಬೇಕು” ಎಂದು ಅಳುತ್ತಿದ್ದವು. ಯಾಕೆ ರಗಳೆ ಎಂದು ನಾನೂ ಆರು ವಾರ ಅವರವರಿಗೆ ಅದದನ್ನೇ ಹಾಕುತ್ತಿದ್ದೆ. ಹುಡುಗಿ ಅಕ್ಷರ ನೋಡಲೇ ಇಲ್ಲ, ಮುಖ ನೋಡಿದಳು. ಅವಳ ಲೆಕ್ಕಕ್ಕೆ ‘ಮ’ ಎಂದರೆ ಆ ಮೂಗು ಸುರಿಸುವ ಹುಡುಗ. ಅವನು ಬಾರದಿದ್ದರೆ ‘ಮ’ ಎಲ್ಲಿಂದ ಬರಬೇಕು?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ನನ್ನದು ಎಂದು ಗೊತ್ತಿದ್ದೂ, ಆ ನಗುವಿನ ಉರಿಗೆ, ಎಲ್ಲರೆದುರು “ನಿನ್ ತಲೇಲಿ ಏನಿದೆಯೇ, ಮಣ್ಣಾ?” ಎಂದುಬಿಟ್ಟೆ. ಮಗು ‘ಉ’ಳ ಕೈ ಬಿಟ್ಟು ಹೋಗಿ ಗೋಡೆಗೆ ನಿಂತಿತು. ಅಳಲಿಲ್ಲ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಮೂರನೇ ದಿನ ಹೆಡ್‌ಮೇಡಂ ನನ್ನನ್ನು ಕರೆಸಿದರು. ಕೆಟ್ಟವರಲ್ಲ, ಅವರಿಗೆ ಫೈಲು ಮುಗಿಯಬೇಕು. “ನೋಡಿ, ಎರಡನೇ ವರ್ಷ ಇದು. ಕಲಿಯೋ ಶಕ್ತಿ ಇಲ್ಲ ಅಂತ ಒಂದ್ ಸಾಲು ಬರೆದು ಸೈನ್ ಮಾಡ್ಕೊಡಿ ಸಾಕು. ಅಜ್ಜಿಗೂ ಅದೇ ಬೇಕಾಗಿದೆ. ಯಾರಿಗೂ ತೊಂದ್ರೆ ಇಲ್ಲ” ಎಂದರು. ಕಾಗದ ಮುಂದಿಟ್ಟರು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಎಷ್ಟೋ ಕಾಗದಕ್ಕೆ ಕಣ್ಣುಮುಚ್ಚಿ ಸೈನ್ ಹಾಕಿದವಳು ನಾನು. ಇದಕ್ಕೆ ಕೈ ಬರಲಿಲ್ಲ. “ಪರೀಕ್ಷೆವರೆಗೂ ಟೈಮ್ ಕೊಡಿ ಮೇಡಂ. ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ಕಲಿಯೋ ಶಕ್ತಿ ಅವಳಿಗಿಲ್ಲ ಅಂತ ಅಲ್ಲ, ಕಲಿಸೋ ಶಕ್ತಿ ನಂಗಿಲ್ಲ ಅಂತ ಬರ್ಕೊಡ್ತೀನಿ” ಎಂದು ಎದ್ದು ಬಂದೆ.

ಸಂಜೆ ಅಜ್ಜಿಯ ಹತ್ತಿರ ಹೋದೆ. ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಮಾತಾಡಿಸಿದರು. ಜುಟ್ಟಮ್ಮ ಮೇಜಿನ ಕೆಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನನ್ನ ಮಂಡಿ ಬೇಡ ಬೇಡ ಎಂದರೂ ನಾನೂ ಮೇಜಿನ ಕೆಳಗೆ ಬಗ್ಗಿದೆ.

“ಮಣ್ಣು ಇರೋದು ನನ್ ತಲೇಲಿ. ತಪ್ಪಾಯ್ತು. ನಾಳೆ ಬಾ” ಎಂದೆ.

ಅವಳು ಕೂಸನ್ನು ಇನ್ನೊಂದು ತೊಡೆಗೆ ಹಾಕಿಕೊಂಡು, “‘ಮ’ಂಗೆ ಜ್ವರ ಬಿಡ್ತಾ ಮಿಸ್?” ಎಂದು ಕೇಳಿದಳು.

ಅಜ್ಜಿ ಮೇಲಿನಿಂದ, “ಕರ್ಕೊಂಡ್ ಹೋಗಿ, ಕರ್ಕೊಂಡ್ ಹೋಗಿ. ಪರೀಕ್ಷೆ ಆಗೋ ತನಕ ಅಷ್ಟೇ. ಆಮೇಲೆ ನನ್ ಮಾತು ನಡೀಬೇಕು” ಎಂದರು. ಸರಿ ಎಂದೆ. ಬೇರೆ ದಾರಿ ಇರಲಿಲ್ಲ.

ಮಾರನೆಯ ದಿನವೇ ನಿನ್ನ ಚಕ್ರ ಬಂತು. ಚಕ್ರಕ್ಕೆ ಮುಖ ಇಲ್ಲವಲ್ಲ, ಹುಡುಗಿಗೆ ಮೊದಲು ಅದು ಸೇರಲಿಲ್ಲ. ಹತ್ತಿರವೇ ಬರಲಿಲ್ಲ. ನಾನು ಬಲವಂತ ಮಾಡಲಿಲ್ಲ. ಕೈ ಹಿಡಿಯುವ ಆಟ ನಡೆಸುತ್ತಲೇ, ರಟ್ಟುಗಳನ್ನು ದಿನಾ ಬೆಳಿಗ್ಗೆ ಕಲಸಿ ಹಂಚತೊಡಗಿದೆ. ಒಂದು ವಾರ ಕ್ಲಾಸು ಪೂರ್ತಿ ಗೋಳಾಟ. ಜುಟ್ಟಮ್ಮ ಓಡುವುದು ಬಿಟ್ಟು ನಡೆಯತೊಡಗಿದಳು. ಒಬ್ಬೊಬ್ಬರ ಎದುರು ನಿಂತು, ಮುಖ ನೋಡಿ, ರಟ್ಟು ನೋಡಿ, ಮತ್ತೆ ಮುಖ ನೋಡಿ, ಅವರನ್ನೇ ಗದರಿಸುತ್ತಿದ್ದಳು, “ನಿನ್ನೆ ‘ಪ’ ಆಗಿದ್ದೆ, ಇವತ್ತು ಯಾಕೋ ‘ಗ’ ಆಗಿದೀಯ?”

ಆದರೆ ಒಂದು ವಿಷಯ ನಾನು ಸಿಟ್ಟಿನಲ್ಲಿ ನೋಡಿರಲಿಲ್ಲ. ಶಬ್ದ ಅವಳಿಗೆ ಪಕ್ಕಾ ಇತ್ತು. ಇದಕ್ಕೆ ಅದು ಸೇರಿದರೆ ಏನಾಗುತ್ತದೆ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಾಳೆ. ಆರು ವಾರ ಕೈ ಸೇರಿಸಿದ್ದು ದಂಡವಾಗಿರಲಿಲ್ಲ. ಬಾಕಿ ಇದ್ದದ್ದು ಅಕ್ಷರದ ಗುರುತು ಮಾತ್ರ. ಅದು ತಿಳಿದ ಮೇಲೆ ನನಗೆ ಉಸಿರು ಬಂತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಒಂದೊಂದರಲ್ಲಿ ಒಂದು ಅಕ್ಷರ ಬರೆದು, ನಾನು ಕೂಗಿದ್ದಕ್ಕೆ ಕುಪ್ಪಳಿಸುವ ಆಟ ಹೂಡಿದೆ. ನೆಲಕ್ಕೂ ಮುಖ ಇಲ್ಲ. ತಪ್ಪು ಮನೆಗೆ ಹಾರಿದರೆ ಎಲ್ಲರೂ ಸೇರಿ ಅವಳನ್ನು ಎತ್ತಿ ಸರಿಯಾದ ಮನೆಗೆ ಹಾಕುತ್ತಿದ್ದರು. ಎತ್ತಿಸಿಕೊಳ್ಳುವ ಆಸೆಗೆ ಬೇಕೆಂದೇ ತಪ್ಪುತ್ತಾಳೆ ಎಂದು ಎರಡು ದಿನ ಬಿಟ್ಟು ಗೊತ್ತಾಯಿತು, ಕಳ್ಳಿ!

ಎರಡನೇ ವಾರದ ಕೊನೆಗೆ ಚಕ್ರದ ಹತ್ತಿರ ತಾನಾಗಿಯೇ ಹೋಗಿ ಕೂತಳು. ನಾನು ಬೆನ್ನು ತಿರುಗಿಸಿಕೊಂಡು ಕಾಪಿ ಪುಸ್ತಕ ತಿದ್ದುವ ನಾಟಕ ಮಾಡಿದೆ. ಹಿಂದಿನಿಂದ ಸಣ್ಣ ದನಿ ಕೇಳಿತು, “ಕ... ಈ... ಕೀ.” ತಿರುಗಿಸಿದ ಸದ್ದು. “ಕ... ಓ... ಕೋ.” ಮತ್ತೆ ಸದ್ದು. ನಾನು ತಿದ್ದುತ್ತಿದ್ದ ಪುಸ್ತಕದ ಮೇಲೆ ಎರಡು ಹನಿ ಬಿದ್ದವು. ಮೊದಲ ಬೆಂಚಿನವನು “ಮಿಸ್ ಅಳ್ತಿದಾರೆ” ಎಂದು ಟಾಂಟಾಂ ಮಾಡಿದ.

ಮಾರನೆಯ ದಿನದಿಂದ ಚಕ್ರದಲ್ಲಿ ಸೇರಿದ್ದನ್ನು ಒಂದೇ ಅಕ್ಷರವಾಗಿ ಸ್ಲೇಟಿನ ಮೇಲೆ ಬರೆಸಿ ಓದಿಸತೊಡಗಿದೆ. ಮೊನ್ನೆ ಶುಕ್ರವಾರ ಪರೀಕ್ಷೆ. ಹೆಡ್‌ಮೇಡಂ ತಮ್ಮ ರೂಮಿಗೇ ಕರೆಸಿ, ಆ ಕ್ಷಣಕ್ಕೆ ತೋಚಿದ ಹತ್ತು ಪದ ಬರೆದು ಮುಂದಿಟ್ಟರು. ಅಜ್ಜಿ ಬಾಗಿಲಲ್ಲಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದರು. ಜುಟ್ಟಮ್ಮ ಬೆರಳಿಟ್ಟು, ಒಂದೊಂದಕ್ಕೂ ಒಂದು ನಿಮಿಷ ತೆಗೆದುಕೊಂಡು ಓದಿದಳು. ಬೀಗ. ಮೇಜು. ಕಿಟಕಿ. ಹತ್ತರಲ್ಲಿ ಏಳು ಸರಿ. ಹೆಡ್‌ಮೇಡಂ “ಪರ್ವಾಗಿಲ್ವೇ” ಎಂದು ಎರಡನೇ ತರಗತಿಗೆ ಹಾಕಿ ಸೈನ್ ಮಾಡಿದರು.

ಅಜ್ಜಿಗೇನೂ ಖುಷಿಯಾಗಲಿಲ್ಲ. “ಓದ್ತಾಳೆ ಸರಿ. ಈ ಕೂಸನ್ನ ಯಾರ್ ನೋಡ್ಕೊಳ್ಳೋದು, ನೀವಾ?” ಎಂದರು. ಬಾಯಿ ಸುಮ್ಮನಿರಲಿಲ್ಲ, “ಹೂಂ, ತಂದು ಹಾಕಿ” ಎಂದೆ. ನಿನ್ನೆ ತಂದು ಹಾಕಿಯೇಬಿಟ್ಟರು. ನಿನ್ನ ಚಕ್ರದ ಅಂಚಿನಲ್ಲಿ ಈಗ ಎರಡು ಹಲ್ಲಿನ ಗುರುತಿದೆ. ಪಕ್ಕದ ಮೇಷ್ಟ್ರಿಗೆ ಜಗಳಕ್ಕೆ ಹೊಸ ಕಾರಣ ಸಿಕ್ಕಿದೆ.

ನೀನು, ನಿನ್ನ ಹೆಂಡತಿ, ವಕೀಲಮ್ಮ ಮೂವರೂ ನೂರ್ಕಾಲ ಸುಖವಾಗಿರಿ. ಗರಗಸದ ಹತ್ತಿರ ಕೈ ಜೋಪಾನ.

ನಿನ್ನ ಅಕ್ಕ

ತಾ.ಕ.: ವಕೀಲಮ್ಮ, ಕಾಗದ ಮಡಚಬೇಡ. ಇದನ್ನೂ ಓದು, ಜೋರಾಗಿ ಓದು. ಅಪ್ಪ ಸಾಕು ಬಿಡು ಎಂದರೂ ನಿಲ್ಲಿಸಬೇಡ.

ತಮ್ಮಾ, ಆಗ ನಿನಗೆ ಒಂಬತ್ತು, ನನಗೆ ಹದಿನೈದು. ದಿನಾ ಸಂಜೆ ನಿನಗೆ ಓದಿಸುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ್ದರು. ಆ ವರ್ಷ ನನ್ನನ್ನು ಥ್ರೋಬಾಲ್ ತಂಡಕ್ಕೆ ಸೇರಿಸಿಕೊಂಡಿದ್ದರು, ಅಭ್ಯಾಸ ಇದ್ದದ್ದೂ ಸಂಜೆಯೇ. ಒಂದು ದಿನ ಅಪ್ಪ ನನ್ನನ್ನು ಕರೆದು, “ಇವನು ಓದ್ತಾನೇನಮ್ಮ? ಇಲ್ಲಾಂದ್ರೆ ಮಾವನ ಜೊತೆ ಮರಗೆಲಸಕ್ಕೆ ಹಾಕ್ತೀನಿ” ಎಂದು ಕೇಳಿದರು. “ಇವನ ತಲೆಗೆ ಹತ್ತಲ್ಲ ಅಪ್ಪ” ಎಂದೆ. ಅದು ಸುಳ್ಳು. ಹಿಂದಿನ ಸಂಜೆಯೇ ನೀನು ಒಂದಿಡೀ ಪುಟವನ್ನು ನಿಧಾನವಾಗಿ, ಒಂದು ತಪ್ಪೂ ಇಲ್ಲದೆ ಓದಿದ್ದೆ. ಓದಿ ನನ್ನ ಮುಖ ನೋಡಿದ್ದೆ. ನನಗೆ ಆಟಕ್ಕೆ ಹೊತ್ತಾಗಿತ್ತು, ಭೇಷ್ ಎನ್ನಲಿಲ್ಲ. ಮುಂದಿನ ತಿಂಗಳು ನಿನ್ನನ್ನು ಶಾಲೆ ಬಿಡಿಸಿದರು. ನಾನು ಒಂದು ವರ್ಷ ಥ್ರೋಬಾಲ್ ಆಡಿದೆ.

“ನನ್ ಬುದ್ಧಿಯೆಲ್ಲ ಕೈಲಿದೆ, ತಲೆ ಖಾಲಿ” ಎಂದು ನೀನು ಬಂದವರಿಗೆಲ್ಲ ಹೇಳಿ ನಗಿಸುತ್ತೀಯ. ನಲವತ್ತು ವರ್ಷದಿಂದ ನಾನೂ ಅದಕ್ಕೆ ನಕ್ಕಿದ್ದೇನೆ. ಮಗಳ ಎದುರೂ ಹೇಳುತ್ತೀಯ, ಅವಳು ನಂಬಿದ್ದಾಳೆ. ಅದಕ್ಕೇ ಇದನ್ನು ಅವಳ ಬಾಯಲ್ಲೇ ಓದಿಸುತ್ತಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ವಕೀಲಮ್ಮ, ನಿನ್ನಪ್ಪನಿಗೆ ಓದು ಬರುತ್ತಿತ್ತು. ಅವನು ನಡುವೆ ಎದ್ದು ಕೆಲಸದ ಕೋಣೆಗೆ ಹೋಗಿದ್ದರೆ, ಹಿಂದೆಯೇ ಹೋಗಿ ಈ ಸಾಲನ್ನು ಇನ್ನೊಂದು ಸಲ ಓದು.